ಕಾರ್ಡ್‌ಲೆಸ್ ಉಪಕರಣಗಳು ಮತ್ತು ಅವುಗಳ ಬ್ಯಾಟರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಡ್‌ಲೆಸ್ ಡ್ರಿಲ್ ಕೊಳ್ಳಬೇಕು, ಯಾವುದು ಒಳ್ಳೆಯದು ಎಂದು ಕೇಳಿದವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಡ್ರಿಲ್ ಆದ ಮೇಲೆ ಇನ್ನೇನು ಕೊಳ್ಳುತ್ತೀರಿ? ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ. ಉಳಿದ ಪ್ರಶ್ನೆಗಳೂ ಹೀಗೆಯೇ, ಬಂದವೇ ಮತ್ತೆ ಮತ್ತೆ ಬರುತ್ತವೆ. ಅವುಗಳ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಮೊದಲು ಉಪಕರಣವನ್ನು ನೋಡಬೇಕೋ, ಬ್ಯಾಟರಿಯನ್ನೋ?

ಬ್ಯಾಟರಿಯನ್ನು. ಒಂದು ಕಂಪನಿಯ ಬ್ಯಾಟರಿ ಇನ್ನೊಂದು ಕಂಪನಿಯ ಉಪಕರಣಕ್ಕೆ ಕೂರುವುದಿಲ್ಲ. ಕೂರಬಾರದೆಂದೇ ಅದರ ಕಚ್ಚುಗಳನ್ನು ಬೇರೆ ಬೇರೆ ಮಾಡಿರುತ್ತಾರೆ. ಇಂದು ಒಂದು ಡ್ರಿಲ್, ಎರಡು ಬ್ಯಾಟರಿ, ಒಂದು ಚಾರ್ಜರ್ ತಂದಿರೆನ್ನಿ. ಮುಂದೆ ಗ್ರೈಂಡರ್ ಬೇಕಾದಾಗ ಅದೇ ಕಂಪನಿಯದ್ದಾದರೆ ಬ್ಯಾಟರಿ ಇಲ್ಲದ ಬರಿಯ ಉಪಕರಣ ಸಾಕು. ಬೇರೆ ಕಂಪನಿಗೆ ಹೋದರೆ ಎಲ್ಲಕ್ಕೂ ಮತ್ತೆ ದುಡ್ಡು. ಹೀಗಾಗಿ ಮೊದಲ ಡ್ರಿಲ್ ಕೊಂಡ ದಿನವೇ ಮುಂದಿನ ಹತ್ತು ವರ್ಷಗಳ ಸಂಬಂಧ ಬೆಳೆಸಿದಂತೆ. ಅಂಗಡಿಯಲ್ಲಿ ಡ್ರಿಲ್ಲನ್ನು ತಿರುಗಿಸಿ ನೋಡುವ ಮೊದಲು, ಅದೇ ಬ್ಯಾಟರಿಗೆ ಆ ಕಂಪನಿ ಇನ್ನೇನೇನು ಮಾಡುತ್ತದೆ, ಬಿಡಿ ಬ್ಯಾಟರಿ ಸುಲಭವಾಗಿ ಸಿಗುತ್ತದೆಯೇ, ಹಳೆಯ ಉಪಕರಣಕ್ಕೆ ಹೊಸ ಬ್ಯಾಟರಿ ಈಗಲೂ ಕೂರುತ್ತದೆಯೇ ಎಂದು ವಿಚಾರಿಸಿ.

ಹಲವು ಬ್ರ್ಯಾಂಡ್‌ಗಳು ಒಂದೇ ಬ್ಯಾಟರಿಯನ್ನು ಹಂಚಿಕೊಳ್ಳುವ ಕೂಟಗಳೂ ಇವೆ. ಮೆಟಾಬೊ ಮುಂದಾಳತ್ವದ ಸಿಎಎಸ್ 2018ರಲ್ಲಿ ಶುರುವಾಯಿತು, ಬಾಷ್ ಇರುವ ಪವರ್ ಫಾರ್ ಆಲ್ 2020ರಲ್ಲಿ. ಇವೆರಡೂ 18 ವೋಲ್ಟ್‌ನವು.

ಅಡಾಪ್ಟರ್ ಹಾಕಿ ಬೇರೆ ಕಂಪನಿಯ ಬ್ಯಾಟರಿ ಬಳಸಬಹುದಲ್ಲವೇ?

ಉಪಕರಣ ತಿರುಗುತ್ತದೆ, ಅದರಲ್ಲಿ ಅನುಮಾನವಿಲ್ಲ. ತೊಂದರೆ ಬರುವುದು ನಿಲ್ಲಬೇಕಾದಾಗ. ಬ್ಯಾಟರಿ ತೀರಾ ಖಾಲಿಯಾಗುವ ಮುನ್ನ ಮೋಟಾರನ್ನು ನಿಲ್ಲಿಸುವ ಕೆಲಸವನ್ನು ಕೆಲವು ಕಂಪನಿಗಳು ಬ್ಯಾಟರಿಯೊಳಗೆ ಇಟ್ಟಿವೆ, ಕೆಲವು ಉಪಕರಣದೊಳಗೆ. ಉಪಕರಣವನ್ನು ನಂಬಿರುವ ಬ್ಯಾಟರಿಯನ್ನು, ಬ್ಯಾಟರಿಯನ್ನು ನಂಬಿರುವ ಉಪಕರಣಕ್ಕೆ ಸಿಕ್ಕಿಸಿದರೆ ಕಾವಲಿಗೆ ಯಾರೂ ಇರುವುದಿಲ್ಲ. ಬ್ಯಾಟರಿಯೊಳಗೆ ಜೋಡಿಸಿರುವ ಪುಟ್ಟ ಪುಟ್ಟ ಸೆಲ್‌ಗಳು ತಳ ಮುಟ್ಟುವವರೆಗೂ ಮೋಟಾರ್ ಹೀರುತ್ತಲೇ ಇರುತ್ತದೆ.

18 ವೋಲ್ಟ್ ಒಳ್ಳೆಯದೋ, 20 ವೋಲ್ಟ್ ಒಳ್ಳೆಯದೋ?

ಎರಡೂ ಒಂದೇ. ಲೀಥಿಯಂ-ಅಯಾನ್ ಸೆಲ್‌ನ ಸರಾಸರಿ ವೋಲ್ಟೇಜ್ 3.6, ಐದು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದ ಗಳಿಗೆಯಲ್ಲಿ ಅದೇ ಸೆಲ್ 4.2 ವೋಲ್ಟ್ ತೋರಿಸುತ್ತದೆ, ಐದಕ್ಕೆ 21. ಒಬ್ಬರು ಸರಾಸರಿಯನ್ನು ಬರೆದರು, ಇನ್ನೊಬ್ಬರು ಶಿಖರದ ಹತ್ತಿರದ ಅಂಕಿ ಬರೆದು ಪಕ್ಕದಲ್ಲಿ 'ಮ್ಯಾಕ್ಸ್' ಎಂದು ಸೇರಿಸಿದರು, ಅಷ್ಟೆ. 10.8 ಮತ್ತು 12 ವೋಲ್ಟ್‌ಗಳ ಕಥೆಯೂ ಇದೇ, ಅಲ್ಲಿ ಮೂರು ಸೆಲ್.

ಕಪಾಟು ಜೋಡಿಸುವುದು, ಪರದೆಯ ಕೊಳವೆ ಹಾಕುವುದು, ಬಾಗಿಲಿನ ತಿರುಪು ಬಿಗಿ ಮಾಡುವುದು ಇಷ್ಟೇ ನಿಮ್ಮ ಕೆಲಸವಾದರೆ 12 ವೋಲ್ಟ್ ಧಾರಾಳ. ಕೈಗೆ ಹಗುರ, ಮೂಲೆಗೂ ನುಗ್ಗುತ್ತದೆ. ಗರಗಸ, ಗ್ರೈಂಡರ್ ಬೇಕಾಗುವವರು 18ಕ್ಕೆ ಹೋಗಿ.

ಆಂಪ್-ಅವರ್ ಹೆಚ್ಚಿದ್ದರೆ ಉಪಕರಣದ ಬಲವೂ ಹೆಚ್ಚುತ್ತದೆಯೇ?

ಇಲ್ಲ ಎನ್ನುವುದು ಪುಸ್ತಕದ ಉತ್ತರ. ಆಂಪ್-ಅವರ್ ಎಂದರೆ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಅಳತೆ: ಹಂಡೆ ದೊಡ್ಡದಾದರೆ ನೀರು ಹೆಚ್ಚು ಹೊತ್ತು ಬರುತ್ತದೆ, ನಲ್ಲಿಯ ರಭಸ ಹೆಚ್ಚುವುದಿಲ್ಲ. ಕೈಯಲ್ಲಿ ಹಿಡಿದು ನೋಡಿದವರ ಅನುಭವ ಬೇರೆ. ಅದೇ ಗ್ರೈಂಡರ್ 2 ಆಂಪ್-ಅವರ್ ಬ್ಯಾಟರಿಯಲ್ಲಿ ಕಬ್ಬಿಣದ ಸಲಾಕೆಯ ನಡುವೆ ಮುಗ್ಗರಿಸಿ ನಿಲ್ಲುತ್ತದೆ, 5 ಆಂಪ್-ಅವರ್ ಹಾಕಿದರೆ ಸಲೀಸಾಗಿ ಕೊಯ್ಯುತ್ತದೆ. ಕಾರಣ ಒಳಗಿನ ಸೆಲ್‌ಗಳ ಎಣಿಕೆಯಲ್ಲಿದೆ.

ಸಣ್ಣ ಬ್ಯಾಟರಿಯಲ್ಲಿ ಐದು ಸೆಲ್‌ಗಳ ಒಂದೇ ಸಾಲು. ದೊಡ್ಡದರಲ್ಲಿ ಸಾಮಾನ್ಯವಾಗಿ ಹತ್ತು, ಎರಡೆರಡು ಜೋಡಿಯಾಗಿ. ಗ್ರೈಂಡರ್ ಒತ್ತಡದಲ್ಲಿ 540 ವಾಟ್ ಕೇಳಿತು ಎನ್ನೋಣ. 18 ವೋಲ್ಟ್‌ಗೆ ಅದು 30 ಆಂಪಿಯರ್. ಒಂದೇ ಸಾಲಿನ ಬ್ಯಾಟರಿಯಲ್ಲಿ ಆ 30 ಆಂಪಿಯರ್ ಪೂರ್ತಿ ಪ್ರತಿಯೊಂದು ಸೆಲ್‌ನ ಮೂಲಕವೂ ಹರಿಯಬೇಕು. ಜೋಡಿ ಸಾಲಿನಲ್ಲಿ ತಲೆಗೆ 15. ಸೆಲ್‌ನೊಳಗಿನ ಪ್ರತಿರೋಧದಿಂದ ಹುಟ್ಟುವ ಬಿಸಿ ವಿದ್ಯುತ್ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ಅರ್ಧವಾದರೆ ಒಂದೊಂದು ಸೆಲ್‌ನ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ವೋಲ್ಟೇಜ್ ಕುಸಿಯುವುದೂ ಕಡಿಮೆ, ಹಾಗಾಗಿ ಮೋಟಾರ್‌ಗೆ ಸಿಗುವ ಬಲ ನಿಜವಾಗಿಯೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ.

ಸೆಲ್‌ಗಳ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಬಹುಕಾಲ ಎಲ್ಲರೂ ಬಳಸಿದ್ದು 18650 ಎಂಬ ಸೆಲ್: ಅಡ್ಡಗಲ 18 ಮಿಲಿಮೀಟರ್, ಉದ್ದ 65. ಈಗ 21700 ಹೆಚ್ಚಾಗಿ ಬರುತ್ತಿದೆ: 21 ಅಗಲ, 70 ಉದ್ದ. ಈ ದಪ್ಪ ಸೆಲ್‌ಗಳು ಐದೇ ಇರುವ 4 ಆಂಪ್-ಅವರ್ ಬ್ಯಾಟರಿ ಹಗುರತನಕ್ಕೂ ಬಲಕ್ಕೂ ನಡುವಿನ ಒಳ್ಳೆಯ ಹೊಂದಾಣಿಕೆ. ನನ್ನ ಕೈ ಮೊದಲು ಹೋಗುವುದು ಅದಕ್ಕೇ.

ಎರಡು ಬ್ಯಾಟರಿಗಳನ್ನು ಹೋಲಿಸಲು ವೋಲ್ಟ್ ಮತ್ತು ಆಂಪ್-ಅವರ್ ಎರಡನ್ನೂ ಗುಣಿಸಿ ವಾಟ್-ಅವರ್ ಮಾಡಿಕೊಳ್ಳಿ. 18 ವೋಲ್ಟ್, 5 ಆಂಪ್-ಅವರ್ ಎಂದರೆ 90 ವಾಟ್-ಅವರ್. 36 ವೋಲ್ಟ್, 2.5 ಆಂಪ್-ಅವರ್ ಎಂದರೂ ಅದೇ 90. ಲೇಬಲ್‌ನ ದೊಡ್ಡ ಅಂಕಿಗಳ ಅಬ್ಬರ ಅಲ್ಲಿಗೆ ಇಳಿಯುತ್ತದೆ.

ಹಾಗಾದರೆ ಎಷ್ಟು ಬ್ಯಾಟರಿ ಇಟ್ಟುಕೊಳ್ಳಬೇಕು?

ಒಂದು ಸಣ್ಣದು, ಒಂದು ದೊಡ್ಡದು. ತಲೆಯ ಮೇಲೆ ಕೈಯೆತ್ತಿ ತಿರುಪು ಹಾಕುವಾಗ ಸಣ್ಣದು, ಗರಗಸಕ್ಕೆ ದೊಡ್ಡದು. ಒಂದು ಕೆಲಸದಲ್ಲಿರುವಾಗ ಇನ್ನೊಂದು ಚಾರ್ಜರ್‌ನಲ್ಲಿ. ಮೂರನೆಯದನ್ನು ಅಗತ್ಯ ಬಿದ್ದಾಗ ಕೊಳ್ಳಿ. ಬಳಸದೆ ಇಟ್ಟ ಬ್ಯಾಟರಿಗೂ ವಯಸ್ಸಾಗುತ್ತದೆ.

ಬ್ರಷ್‌ಲೆಸ್ ಮೋಟಾರ್‌ಗೆ ಹೆಚ್ಚು ಹಣ ಕೊಡುವುದು ಸರಿಯೇ?

ಗ್ರೈಂಡರ್, ಗರಗಸ, ರೋಟರಿ ಹ್ಯಾಮರ್‌ಗಳಿಗೆ ಸರಿ. ಹಳೆಯ ಬಗೆಯ ಮೋಟಾರ್‌ನಲ್ಲಿ ಎರಡು ಇಂಗಾಲದ ತುಂಡುಗಳು ತಿರುಗುವ ತಾಮ್ರದ ಪಟ್ಟಿಗಳಿಗೆ ಉಜ್ಜುತ್ತಾ ವಿದ್ಯುತ್ ಮುಟ್ಟಿಸುತ್ತವೆ. ಗಾಳಿಯ ಕಂಡಿಯಲ್ಲಿ ಇಣುಕಿದರೆ ಕಾಣುವ ನೀಲಿ ಕಿಡಿ ಅಲ್ಲಿಯದು. ಉಜ್ಜಾಟದಲ್ಲಿ ಶಕ್ತಿ ಪೋಲಾಗುತ್ತದೆ, ಇಂಗಾಲ ಸವೆಯುತ್ತದೆ. ಬ್ರಷ್‌ಲೆಸ್‌ನಲ್ಲಿ ಆಯಸ್ಕಾಂತ ತಿರುಗುತ್ತದೆ, ತಂತಿಯ ಸುರುಳಿ ನಿಂತಲ್ಲೇ ಇರುತ್ತದೆ, ಯಾವ ಸುರುಳಿಗೆ ಯಾವಾಗ ವಿದ್ಯುತ್ ಎಂಬುದನ್ನು ಸರ್ಕ್ಯೂಟ್ ನಿರ್ಧರಿಸುತ್ತದೆ. ಅದೇ ಚಾರ್ಜ್‌ನಲ್ಲಿ ಹೆಚ್ಚು ಕೆಲಸ ಆಗುತ್ತದೆ.

ತಿಂಗಳಿಗೊಮ್ಮೆ ಕೈಗೆ ಬರುವ ಡ್ರಿಲ್‌ಗೆ ಇದು ಬೇಕೇಬೇಕೆಂದಿಲ್ಲ. ಇಂಗಾಲದ ತುಂಡನ್ನು ಕೈಯಾರೆ ಬದಲಿಸಬಹುದು. ಬ್ರಷ್‌ಲೆಸ್‌ನ ಸರ್ಕ್ಯೂಟ್ ಸುಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕಾಗುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ಬಿಟ್‌ಗಳನ್ನು, ಅಂದರೆ ಡ್ರಿಲ್‌ನ ಬಾಯಿಗೆ ಸಿಕ್ಕಿಸುವ ಕೊರೆಯುವ ಕಡ್ಡಿಗಳನ್ನು, ಕೊಳ್ಳಿ. ಮೊಂಡು ಬಿಟ್‌ನಷ್ಟು ಬ್ಯಾಟರಿಯನ್ನು ತಿನ್ನುವುದು ಬೇರೊಂದಿಲ್ಲ.

ಡ್ರಿಲ್, ಹ್ಯಾಮರ್ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್, ರೋಟರಿ ಹ್ಯಾಮರ್: ಏನು ವ್ಯತ್ಯಾಸ?

ಸಾದಾ ಡ್ರಿಲ್ ತಿರುಗುತ್ತದೆ, ಅಷ್ಟೇ. ಮರ, ಪ್ಲಾಸ್ಟಿಕ್, ತಗಡಿಗೆ ಅದು ಸಾಕು.

ಇಂಪ್ಯಾಕ್ಟ್ ಡ್ರೈವರ್ ತಿರುಪು ಹಾಕುವ ಯಂತ್ರ. ತಿರುಪು ಬಿಗಿಯಾದಂತೆ ಒಳಗಿನ ಸುತ್ತಿಗೆ ತಿರುಗುವ ದಿಕ್ಕಿನಲ್ಲೇ ಹೊಡೆಯತೊಡಗುತ್ತದೆ, ಟರ್ರ್ ಎಂದು ಕಿವಿಗಡಚಿಕ್ಕುವ ಸದ್ದು. ಹೊಡೆತಗಳು ಬಿಡಿಬಿಡಿಯಾಗಿ ಬೀಳುವುದರಿಂದ ಮಣಿಕಟ್ಟು ತಿರುಚುವುದಿಲ್ಲ, ತಿರುಪಿನ ತಲೆ ಸವೆಯುವುದೂ ಕಡಿಮೆ. ಬಾಯಿಗೆ ಆರು ಮೂಲೆಯ ಕಾಲಿಂಚಿನ ಬಿಟ್ ಮಾತ್ರ ಹಿಡಿಯುತ್ತದೆ.

ಉಳಿದೆರಡರಲ್ಲಿ ಗೊಂದಲ ಜಾಸ್ತಿ. ಹ್ಯಾಮರ್ ಡ್ರಿಲ್‌ನಲ್ಲಿ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ನಿಮಿಷಕ್ಕೆ ಸಾವಿರಾರು ಸಣ್ಣ ನಡುಕ; ಬಲ ನೀವು ಹಿಂದಿನಿಂದ ಒತ್ತಿದಷ್ಟೇ. ಇಟ್ಟಿಗೆಯ ಗೋಡೆಗೆ ನಡೆಯುತ್ತದೆ. ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಗಾಳಿಯನ್ನು ಅದುಮಿ, ಆ ಗಾಳಿ ಒಂದು ಗುಂಡನ್ನು ಬಿಟ್‌ನ ಹಿಂಬದಿಗೆ ಅಪ್ಪಳಿಸುತ್ತದೆ. ಹೊಡೆತಗಳ ಸಂಖ್ಯೆ ಕಡಿಮೆ, ಒಂದೊಂದರ ತೂಕ ಹೆಚ್ಚು. ಇದರ ಬಿಟ್‌ಗಳಿಗೆ ಎಸ್‌ಡಿಎಸ್ ಎಂಬ ಬೇರೆಯೇ ಕಾಲು, ಅದರಲ್ಲಿ ತೋಡು ಕೊರೆದಿರುತ್ತದೆ. ಕಾಂಕ್ರೀಟಿನ ತೊಲೆಗೆ ಹ್ಯಾಮರ್ ಡ್ರಿಲ್ ಹಿಡಿದು ಹತ್ತು ನಿಮಿಷ ಹೆಣಗುವ ತೂತನ್ನು ಇದು ನಿಮಿಷದೊಳಗೆ ಮುಗಿಸುತ್ತದೆ. ಕಾಂಕ್ರೀಟಿನ ಕೆಲಸ ಆಗಾಗ ಇದ್ದರೆ ಹ್ಯಾಮರ್ ಡ್ರಿಲ್ ಆಸೆ ಬಿಡಿ.

ಡ್ರಿಲ್‌ನ ಕೊರಳಲ್ಲಿರುವ 1, 2, 3 ಅಂಕಿಗಳು ಏನು?

ಕ್ಲಚ್ ಯಾವ ಬಿಗಿಗೆ ಜಾರಬೇಕೆಂಬ ಮೆಟ್ಟಿಲುಗಳು, ನ್ಯೂಟನ್-ಮೀಟರ್ ಲೆಕ್ಕವಲ್ಲ. ಕಡಿಮೆ ಅಂಕಿಯಿಂದ ಶುರು ಮಾಡಿ, ತಿರುಪು ಮರಕ್ಕೆ ಸಮವಾಗಿ ಕೂರುವವರೆಗೆ ಏರಿಸುತ್ತಾ ಹೋಗಿ. ತೂತು ಕೊರೆಯಲು ಬೈರಿಗೆಯ ಚಿತ್ರಕ್ಕೆ ತಿರುಗಿಸಿ.

ಹೊಸ ಬ್ಯಾಟರಿಯನ್ನು ಮೊದಲ ಸಲ ರಾತ್ರಿಯಿಡೀ ಚಾರ್ಜ್ ಮಾಡಬೇಕೇ? ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್‌ಗೆ ಹಾಕಬೇಕೇ?

ಎರಡೂ ಬೇಡ. ಈ ನಂಬಿಕೆಗಳು ನಿಕಲ್-ಕ್ಯಾಡ್ಮಿಯಂ ಕಾಲದವು. ಬ್ಲ್ಯಾಕ್ ಅಂಡ್ ಡೆಕರ್ 1961ರಲ್ಲಿ ಹೊರತಂದ ಕಾರ್ಡ್‌ಲೆಸ್ ಡ್ರಿಲ್‌ನಿಂದ ಹಿಡಿದು ದಶಕಗಳ ಕಾಲ ಉಪಕರಣಗಳಲ್ಲಿ ಇದ್ದದ್ದು ಆ ಬ್ಯಾಟರಿಯೇ. ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅದು ಆ ಅರ್ಧವನ್ನೇ ನೆನಪಿಟ್ಟುಕೊಂಡಂತೆ ಸೊರಗುತ್ತದೆ ಎಂಬ ದೂರು ಇತ್ತು. ಖಾಲಿ ಮಾಡಿ ತುಂಬುವ ಪದ್ಧತಿ ಅಲ್ಲಿಂದ ಬಂತು. ಸೋನಿ 1991ರಲ್ಲಿ ಲೀಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು, 2003ರಲ್ಲಿ ಬಾಷ್‌ನ ಪುಟ್ಟ ಇಕ್ಸೋ ಸ್ಕ್ರೂಡ್ರೈವರ್ ಅದನ್ನು ಉಪಕರಣದೊಳಗೆ ತಂದಿತು. ಬ್ಯಾಟರಿ ಬದಲಾಯಿತು, ಮಾತು ಬದಲಾಗಲಿಲ್ಲ.

ಲೀಥಿಯಂ-ಅಯಾನ್‌ಗೆ ಆ ನೆನಪಿನ ರೋಗವಿಲ್ಲ. ಅರ್ಧ ಬಳಸಿ ತುಂಬಿಸಿದ ಎರಡು ಸಲ ಸೇರಿದರೆ ಒಂದು ಸುತ್ತಿನ ಲೆಕ್ಕ. ಅದಕ್ಕೆ ಆಗದಿರುವುದು ತಳ ಕಾಣುವುದು. ಯಂತ್ರ ಸೊರಗಿದ ಸದ್ದು ಮಾಡಿದ ಕೂಡಲೇ ನಿಲ್ಲಿಸಿ. ತಾನಾಗಿ ನಿಂತ ಮೇಲೆ ಒಂದು ಕ್ಷಣ ಬಿಟ್ಟು ಮತ್ತೆ ಒತ್ತಿ, ಇನ್ನೊಂದು ತಿರುಪು ಎಂದು ಹಿಂಡುವ ಚಟ ನನಗೂ ಇತ್ತು.

ಚಾರ್ಜರ್‌ನಲ್ಲೇ ಬಿಟ್ಟರೆ ಹಾಳಾಗುತ್ತದೆಯೇ?

ಒಳ್ಳೆಯ ಚಾರ್ಜರ್ ಮೊದಲು ಸ್ಥಿರ ಪ್ರವಾಹದಲ್ಲಿ ತುಂಬಿಸುತ್ತದೆ, ಸೆಲ್‌ಗಳು 4.2 ವೋಲ್ಟ್ ತಲುಪಿದಾಗ ವೋಲ್ಟೇಜನ್ನು ಅಲ್ಲೇ ಹಿಡಿದು ಪ್ರವಾಹವನ್ನು ಇಳಿಸುತ್ತಾ ಬಂದು ನಿಲ್ಲಿಸುತ್ತದೆ. ಕೊನೆಯ ಭಾಗಕ್ಕೆ ಹೆಚ್ಚು ಸಮಯ ಹಿಡಿಯುವುದು ಇದರಿಂದಲೇ. ಒಂದು ರಾತ್ರಿ ಮರೆತರೆ ಏನೂ ಆಗುವುದಿಲ್ಲ. ಅದನ್ನೇ ಕಾಯಂ ಗೂಡು ಮಾಡಬೇಡಿ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ಸೆಲ್ ಬೇಗ ಮುದಿಯಾಗುತ್ತದೆ. ಜೊತೆಗೆ, ಗೋಡೆಯ ಸ್ವಿಚ್ ಆರಿಸಿದ ಕೆಲವು ಚಾರ್ಜರ್‌ಗಳು ಬ್ಯಾಟರಿಯಿಂದಲೇ ತೊಟ್ಟು ತೊಟ್ಟಾಗಿ ಹೀರುತ್ತವೆ.

ಕೆಲಸ ಮುಗಿದ ಕೂಡಲೇ ಚಾರ್ಜ್‌ಗೆ ಹಾಕಬಹುದೇ?

ಬ್ಯಾಟರಿಯ ತಳಕ್ಕೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಹಾಕಿ, ಸುಡುವಂತಿದ್ದರೆ ಅರ್ಧ ಗಂಟೆ ನೆರಳಿನಲ್ಲಿಡಿ. ಹೆಚ್ಚಿನ ಚಾರ್ಜರ್‌ಗಳು ಬ್ಯಾಟರಿಯೊಳಗಿನ ಉಷ್ಣ ಸಂವೇದಕವನ್ನು ಓದಿ, ತಣಿಯುವವರೆಗೆ ತಾವೇ ಕಾಯುತ್ತವೆ. ದೀಪ ಮಿಣುಕುತ್ತಿದ್ದರೆ ಕೆಟ್ಟಿತೆಂದು ಗಾಬರಿಯಾಗಬೇಡಿ. ತಣಿಸಲೆಂದು ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗೆ ತೆಗೆದಾಗ ಒಳಗೆಲ್ಲ ನೀರಿನ ಹನಿ ಕಟ್ಟುತ್ತದೆ.

ಕೊರೆಯುವ ಚಳಿ ಬೇರೆ ಬಗೆಯ ಅಪಾಯ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಲೀಥಿಯಂ ಗ್ರಾಫೈಟ್‌ನ ಒಳಗೆ ಸೇರದೆ ಅದರ ಮೇಲೆ ಲೋಹವಾಗಿ ಲೇಪಗೊಳ್ಳುತ್ತದೆ. ಆ ಹಾನಿ ಮರಳಿ ಸರಿಹೋಗುವುದಿಲ್ಲ. ಚಳಿಯಲ್ಲಿ ಬಳಸಲು ಅಡ್ಡಿಯಿಲ್ಲ, ಕಸುವು ಕಡಿಮೆ ಕಾಣಬಹುದು. ಚಾರ್ಜ್ ಮಾತ್ರ ಕೋಣೆಯ ಬೆಚ್ಚಗಿನಲ್ಲಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ ಬಿಡುವವರ ಬಗ್ಗೆ ನನಗೆ ಹೇಳಲು ಒಳ್ಳೆಯ ಮಾತಿಲ್ಲ.

ಕೆಲವು ತಿಂಗಳು ಬಳಸದಿದ್ದರೆ ಹೇಗೆ ಇಡಬೇಕು?

ಬ್ಯಾಟರಿಯ ಮೇಲಿನ ನಾಲ್ಕು ದೀಪಗಳಲ್ಲಿ ಎರಡು ಹೊತ್ತುವಷ್ಟು ಚಾರ್ಜ್ ಇಟ್ಟು, ಉಪಕರಣದಿಂದ ಬಿಚ್ಚಿ, ತಂಪಾದ ಒಣ ಜಾಗದಲ್ಲಿ. ಬಿಚ್ಚುವುದು ಮುಖ್ಯ; ಉಪಕರಣದ ಸರ್ಕ್ಯೂಟ್ ನಿದ್ದೆಯಲ್ಲೂ ಚೂರು ಚೂರು ತಿನ್ನುತ್ತಿರಬಹುದು. ಮೊಳೆ, ತಿರುಪು, ಬಿಟ್‌ಗಳು ಬಿದ್ದಿರುವ ಡಬ್ಬಿಯಲ್ಲಿ ಬರಿಯ ಬ್ಯಾಟರಿ ಹಾಕಬೇಡಿ. ಒಂದು ತಿರುಪು ಎರಡು ತುದಿಗಳಿಗೆ ಅಡ್ಡ ಬಿದ್ದರೆ ಸಾಕು. ಎರಡು ಮೂರು ತಿಂಗಳಿಗೊಮ್ಮೆ ಗುಂಡಿ ಒತ್ತಿ ದೀಪ ನೋಡಿ. ಆ ದೀಪಗಳು ವೋಲ್ಟೇಜ್ ನೋಡಿ ಊಹಿಸುವವು, ಅಂದಾಜಿಗೆ ಮಾತ್ರ.

ಚಾರ್ಜರ್ ಕೆಂಪು ದೀಪ ತೋರಿಸಿ ಬ್ಯಾಟರಿಯನ್ನು ಒಪ್ಪುತ್ತಿಲ್ಲ. ಬದುಕಿಸಬಹುದೇ?

ಮೊದಲು ಸಂಪರ್ಕದ ತಗಡುಗಳನ್ನು ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ಕೋಣೆಯ ಉಷ್ಣಕ್ಕೆ ಬಂದ ಮೇಲೆ ಇನ್ನೊಮ್ಮೆ ಹಾಕಿ ನೋಡಿ. ಅದೃಷ್ಟವಿದ್ದರೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಒಳಗೆ ಏನಾಗಿರುತ್ತದೆ ಎಂಬುದನ್ನು ನಾನು ಬಿಚ್ಚಿ ನೋಡಿದ ಒಂದು ಬ್ಯಾಟರಿಯಿಂದ ಹೇಳುತ್ತೇನೆ. ವರ್ಷಗಟ್ಟಲೆ ಮೂಲೆಯಲ್ಲಿದ್ದದ್ದು. ಮಲ್ಟಿಮೀಟರ್ ಹಿಡಿದರೆ ನಾಲ್ಕು ಸೆಲ್‌ಗಳು 3.7ರ ಆಸುಪಾಸು ಆರೋಗ್ಯವಾಗಿದ್ದವು, ಐದನೆಯದು 1.1. ಕೆಲವು ಪ್ಯಾಕ್‌ಗಳಲ್ಲಿ ಕಾವಲಿನ ಸರ್ಕ್ಯೂಟ್ ತನ್ನ ಊಟವನ್ನು ಒಂದೇ ಸೆಲ್‌ನಿಂದ ತೆಗೆದುಕೊಳ್ಳುತ್ತದೆ. ಕಾಯುವವನೇ ಕಣಜ ಬರಿದು ಮಾಡಿದ್ದ.

ಅಷ್ಟು ಕೆಳಗಿಳಿದ ಸೆಲ್‌ನೊಳಗೆ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಬೇಡದ ಜಾಗದಲ್ಲಿ ಗಟ್ಟಿಯಾಗಿ ಒಳಗೊಳಗೇ ಶಾರ್ಟ್ ಆಗಬಹುದು. ಒಳ್ಳೆಯ ಬ್ಯಾಟರಿಯಿಂದ ತಂತಿ ಎಳೆದು ಸತ್ತದ್ದಕ್ಕೆ ಚಾರ್ಜ್ ಹಾಯಿಸುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಎಷ್ಟೋ ಸಲ ಅದು ಕೆಲಸ ಮಾಡುತ್ತದೆ, ತೊಂದರೆ ಇರುವುದೂ ಅಲ್ಲೇ: ಬೆಂಕಿ ಹತ್ತುವುದು ವಿಡಿಯೊ ಮುಗಿದ ಮೇಲೆ, ನೀವು ಮಲಗಿರುವಾಗ. ನಾನು ಆ ಬ್ಯಾಟರಿಯನ್ನು ಮರುಬಳಕೆಗೆ ಕೊಟ್ಟೆ.

ಕಡಿಮೆ ಬೆಲೆಯ 'ಹೊಂದುವ' ಬ್ಯಾಟರಿಗಳು ಹೇಗೆ?

ಅಡುಗೆಮನೆಯ ತಕ್ಕಡಿ ತನ್ನಿ. ಒಂದು 18650 ಸೆಲ್‌ನ ತೂಕ 45ರಿಂದ 48 ಗ್ರಾಂ, ಒಂದು 21700 ಸುಮಾರು 70. ಹತ್ತು 18650 ಇರುವ ಪ್ಯಾಕ್‌ನಲ್ಲಿ ಸೆಲ್‌ಗಳೇ ಹತ್ತಿರ ಹತ್ತಿರ ಅರ್ಧ ಕಿಲೋ ತೂಗಬೇಕು. ನಾನೊಮ್ಮೆ ಆಸೆಗೆ ಬಿದ್ದು ತರಿಸಿದ 6 ಆಂಪ್-ಅವರ್ ಬ್ಯಾಟರಿ ಹೊರನೋಟಕ್ಕೆ ಅಸಲಿಯ ಅವಳಿಯಂತಿತ್ತು. ಅಸಲಿ ತೂಗಿದ್ದು 640 ಗ್ರಾಂ, ಇದು 410. ಬಿಚ್ಚಿದರೆ ಐದೇ ಸೆಲ್, ಉಳಿದರ್ಧ ಖಾಲಿ ಗೂಡು. 18650 ಗಾತ್ರದ ಒಂದು ಸೆಲ್‌ನಲ್ಲಿ ಸಾಮಾನ್ಯವಾಗಿ ಹಿಡಿಸುವುದೇ ಹೆಚ್ಚೆಂದರೆ 3.5 ಆಂಪ್-ಅವರ್ ಆಸುಪಾಸು, ಐದನ್ನು ಸಾಲಾಗಿ ಜೋಡಿಸಿದರೂ ಆ ಅಂಕಿ ಏರುವುದಿಲ್ಲ. ಲೇಬಲ್ ಮೇಲಿನ 6 ಬರಿಯ ಮುದ್ರಣ.

ಎಲ್ಲವೂ ಹೀಗೆಯೇ ಎನ್ನಲಾರೆ. ಆದರೆ ಸೆಲ್‌ಗಳನ್ನು ಒಂದೊಂದಾಗಿ ಗಮನಿಸುವ ಸರ್ಕ್ಯೂಟನ್ನೂ ಉಷ್ಣ ಸಂವೇದಕವನ್ನೂ ಕೈಬಿಟ್ಟು ಬೆಲೆ ಇಳಿಸಿದ್ದರೆ ಅದು ಹೊರಗಿನಿಂದ ತಿಳಿಯುವುದಿಲ್ಲ. ಅಸಲಿ ಸಣ್ಣದು ನಕಲಿ ದೊಡ್ಡದಕ್ಕಿಂತ ಮೇಲು.

ದೂಳು, ನೀರು?

ಕಬ್ಬಿಣ ಕೊಯ್ದ ಮೇಲೆ ಬ್ಯಾಟರಿ ಬಿಚ್ಚಿ ಕಚ್ಚುಗಳನ್ನು ಒಣ ಬ್ರಷ್‌ನಿಂದ ಉಜ್ಜಿ. ಲೋಹದ ಪುಡಿ ಅಲ್ಲಿ ಸೇರಿಕೊಳ್ಳುತ್ತದೆ. ನೀರಿನಲ್ಲಿ ತೊಳೆಯಬೇಡಿ. ನೀರಿಗೆ ಬಿದ್ದು ಮೇಲೆ ಬಂದ ಬ್ಯಾಟರಿ ಒಣಗಿದಂತೆ ಕಂಡರೂ ಚಾರ್ಜ್‌ಗೆ ಹಾಕಬೇಡಿ, ಒಳಗೆ ತುಕ್ಕು ನಿಧಾನವಾಗಿ ಕೆಲಸ ಮಾಡುತ್ತಿರುತ್ತದೆ. ಬಿಟ್, ಬ್ಲೇಡ್, ಗ್ರೈಂಡರ್ ಚಕ್ರ ಬದಲಿಸುವ ಮುನ್ನವೂ ಬ್ಯಾಟರಿ ಹೊರಗೆ ಬರಲಿ. ಆ ಸೂಚನೆ ಬೆರಳುಗಳಿಗಾಗಿ.

ಈಗಲೂ ವೈರ್ ಇರುವ ಉಪಕರಣ ಕೊಳ್ಳುವುದರಲ್ಲಿ ಅರ್ಥವಿದೆಯೇ?

ಖಂಡಿತ ಇದೆ. ಒಂದೇ ಮೇಜಿನ ಮುಂದೆ ನಿಂತು ಗಂಟೆಗಟ್ಟಲೆ ಉಜ್ಜುವ, ಕೊಯ್ಯುವ ಕೆಲಸಕ್ಕೆ ವೈರೇ ಸರಿ. ವರ್ಷಕ್ಕೆರಡು ಸಲ ಬಳಸುವವರಿಗೂ ಅದೇ: ಹತ್ತು ವರ್ಷ ಅಟ್ಟದಲ್ಲಿಟ್ಟು ತೆಗೆದರೂ ತಿರುಗುತ್ತದೆ.

ವಿಮಾನದಲ್ಲಿ ಒಯ್ಯಬಹುದೇ?

ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲಿ ಮಾತ್ರ, ತುದಿಗಳಿಗೆ ಟೇಪ್ ಹಚ್ಚಿ. 100 ವಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಅನುಮತಿ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 18 ವೋಲ್ಟ್‌ನ 5 ಆಂಪ್-ಅವರ್ 90ಕ್ಕೆ ನಿಲ್ಲುತ್ತದೆ, 6 ಆದರೆ 108 ಆಗಿ ಗಡಿ ದಾಟುತ್ತದೆ. ಡ್ರಿಲ್ ತಪಾಸಣೆಗೆ ಕೊಡುವ ಪೆಟ್ಟಿಗೆಯಲ್ಲಿ ಹೋಗಲಿ.

ಉಬ್ಬಿದ, ಬಿರುಕು ಬಿಟ್ಟ, ಸುಟ್ಟ ವಾಸನೆ ಬರುವ ಬ್ಯಾಟರಿಯನ್ನು ಏನು ಮಾಡಬೇಕು?

ಬಳಸುವುದನ್ನು ಆ ಕ್ಷಣವೇ ನಿಲ್ಲಿಸಿ. ತುದಿಗಳಿಗೆ ಟೇಪ್ ಸುತ್ತಿ, ಹತ್ತಿ ಉರಿಯುವ ವಸ್ತು ಹತ್ತಿರವಿಲ್ಲದ ಬಯಲು ಜಾಗದಲ್ಲಿ, ಮಳೆ ಬೀಳದಂತೆ ಇಡಿ. ಆಮೇಲೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಹಾನಿಯಾದ ಬ್ಯಾಟರಿ ಎಂದು ಹೇಳಿಯೇ ಕೊಡಿ. ಮನೆಯ ಕಸದ ಬುಟ್ಟಿಗೆ ಹಾಕಬೇಡಿ. ಕಸದ ಲಾರಿಯೊಳಗೆ ಒತ್ತು ಬಿದ್ದಾಗ ಅದು ಹೊತ್ತಿಕೊಳ್ಳುತ್ತದೆ.

ಹೊಗೆ ಬರತೊಡಗಿದರೆ ಕೈಯಲ್ಲಿ ಎತ್ತಿಕೊಂಡು ಓಡಲು ಹೋಗಬೇಡಿ. ಒಂದು ಸೆಲ್‌ನ ಬಿಸಿ ಪಕ್ಕದ ಸೆಲ್ ಹೊತ್ತಿಸುತ್ತದೆ, ಅದು ಅದರ ಪಕ್ಕದ್ದನ್ನು. ಬರುವ ಹೊಗೆಯೂ ವಿಷ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು, ಬಾಗಿಲು ಎಳೆದುಕೊಂಡು ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಆರಿದಂತೆ ಕಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದುಂಟು. ದಳದವರು ನೋಡಿ ಹೇಳುವವರೆಗೆ ಆ ಕೋಣೆಗೆ ಹೋಗಬೇಡಿ.